ಎಡಗಡೆಯ ಚಿಲಕ

ಕಟ್ಟಾಯದಲ್ಲಿ ಬಸ್ಸಿನಿಂದ ಇಳಿಯುವಾಗಲೇ ಸರ್ವಮಂಗಳಾಗೆ ಸಿಟ್ಟು ನೆತ್ತಿಗೇರಿತ್ತು. ಹೊಳೆನರಸೀಪುರದಲ್ಲಿ ಅವಳ ಹೊಸ ಮನೆಗೆ ಸುಣ್ಣಬಣ್ಣ ಆಗಿತ್ತು, ನಲ್ಲಿಯಲ್ಲಿ ನೀರು ಬಂದಿತ್ತು, ಗೃಹಪ್ರವೇಶದ ಕಾರ್ಡೂ ಹಂಚಿಯಾಗಿತ್ತು. ಇಲ್ಲದ್ದು ಮುಂಬಾಗಿಲು ಮಾತ್ರ. ಆ ಜಾಗದಲ್ಲಿ ತಗಡಿನ ಶೀಟೊಂದು ನಿಂತು, ಗಾಳಿ ಬಂದಾಗಲೆಲ್ಲ ಬಡಕೊಳ್ಳುತ್ತಿತ್ತು.

ಬಡಗಿ ಪಾಲಾಕ್ಷಪ್ಪನ ಕೊಟ್ಟಿಗೆಯ ಬಾಗಿಲು ದಬ್ಬಿ ಒಳಗೆ ಬಂದರೆ, ಅವಳ ಹಲಸಿನ ಹಲಗೆಗಳು ಹೋದ ಭಾನುವಾರದ ಹಾಗೆಯೇ ಗೋಡೆಗೊರಗಿ ಸುಖವಾಗಿದ್ದವು. ಪಾಲಾಕ್ಷಪ್ಪ ಮಾತ್ರ ಮೈಮರೆತು ಮರದ ಕೋಳಿಯೊಂದನ್ನು ಕೆತ್ತುತ್ತಿದ್ದರು.

“ಕೋಳಿ!” ಎಂದಳು ಮಂಗಳಾ.

“ಹುಂಜ, ಮೇಡಂ. ಜುಟ್ಟು ನೋಡಿ.”

“ನನ್ನ ಬಾಗಿಲೆಲ್ರೀ?”

“ಹಲ್ಗೆ ಇನ್ನೂ ಆರ್ಬೇಕು. ಈಗ್ಲೇ ಜೋಡ್ಸುದ್ರೆ ಮಳೆಗಾಲ್ದಲ್ಲಿ ಉಬ್ಕೊಂಡು ನಿಮ್ಮುನ್ನ ಒಳುಗೇ ಕೂಡಾಕ್ಬುಡ್ತದೆ.”

“ಕೂಡಾಕ್ಲಿ. ಇಲ್ಲಿಗೆ ಬರೋದಾದ್ರೂ ತಪ್ಪುತ್ತೆ.”

ಪಾಲಾಕ್ಷಪ್ಪ ಉಳಿ ಕೆಳಗಿಟ್ಟು, ಕನ್ನಡಕದ ಮೇಲಿನಿಂದ ನೋಡಿದರು. ರೆಪ್ಪೆಯ ಮೇಲೆಲ್ಲ ಮರದ ಹುಡಿ ಕೂತಿತ್ತು. ಅದನ್ನು ಒರೆಸಿಕೊಳ್ಳದೆಯೇ, ಅವಸರವಿಲ್ಲದೆ, ಅವಳ ಮುಖವನ್ನು ಹಲಗೆ ನೇರವಾಗಿದೆಯೇ ಎಂದು ನೋಡುವಂತೆ ನೋಡಿದರು. “ತಪ್ಪೋಯ್ತದಾ?” ಎಂದರು ಮೆಲ್ಲಗೆ.

ಮೂವತ್ತು ವರ್ಷ ಹೈಸ್ಕೂಲು ಹುಡುಗರ ಬಾಯಿ ಮುಚ್ಚಿಸಿದ ಮಂಗಳಾ, ಹೋಗಿ ಹಲಗೆ ಮುಟ್ಟಿ ನೋಡುತ್ತ ನಿಂತಳು.

ಈ ಮನುಷ್ಯನಿಗೆ ಬಾಗಿಲು ಒಪ್ಪಿಸಿದ್ದೇ ತಪ್ಪು ಎಂದು ತಮ್ಮ ಬಸವೇಶ ಫೋನಿನಲ್ಲಿ ದಿನವೂ ಹೇಳುತ್ತಿದ್ದ. ಪಾಲಾಕ್ಷಪ್ಪ ಹುಟ್ಟಾ ಬಡಗಿಯಲ್ಲ, ರಾಗಿ ಹೊಲದ ರೈತನ ಮಗ. ಮುರಿದ ನೇಗಿಲನ್ನು ಅಪ್ಪನಿಗೆ ಗೊತ್ತಾಗದಂತೆ ತಾನೇ ಕೂರಿಸಲು ಹೋಗಿ ಮರದ ಕೆಲಸದ ರುಚಿ ಹತ್ತಿಸಿಕೊಂಡವರು. ಆಮೇಲೆ ಹಾಸನದ ಫರ್ನಿಚರ್ ಅಂಗಡಿಯಲ್ಲಿ ಊರವರ ಮಂಚ, ಬೀರು ಮಾಡುತ್ತ ತಲೆ ನೆರೆಯಿತು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಊರಿಗೆ ಬಂದರು. ಚನ್ನರಾಯಪಟ್ಟಣದಲ್ಲಿರುವ ಮಗಳು ದಿವ್ಯಾ “ಸುಮ್ನೆ ರೆಸ್ಟ್ ತಗೊಳಪ್ಪ” ಎಂದರೆ, ದನವಿಲ್ಲದ ಕೊಟ್ಟಿಗೆ ಗುಡಿಸಿ ಮತ್ತೆ ಉಳಿ ಹಿಡಿದು ಕೂತರು. ಈಗ ಅವರದು ಹವ್ಯಾಸ. ಮನಸ್ಸು ಬಂದದ್ದನ್ನು ಮನಸ್ಸು ಬಂದಾಗ ಮಾಡುತ್ತಾರೆ. ಕೇಳಿದವರಿಗೆ “ತಾಳಿದವನು ಬಾಳಿಯಾನು” ಎನ್ನುತ್ತಾರೆ. ಆ ಗಾದೆ ಮಾಡಿದವನ ಮನೆಗೆ ಬಾಗಿಲಿತ್ತು ಅನ್ನಿಸುತ್ತದೆ.

ಬೈದಳು. ಅವರು ಕೊಟ್ಟ ಕಾಫಿ ಕುಡಿದಳು. ಮತ್ತೆ ಬೈದಳು. ಅವರು ನಗುತ್ತ ಬಸ್ ಸ್ಟಾಪಿನವರೆಗೂ ಬಂದು, ಕಿಟಕಿ ಪಕ್ಕದ ಸೀಟು ಸಿಕ್ಕಿತೇ ಎಂದು ಇಣುಕಿ ನೋಡಿ ಹೋದರು.

ಬಸ್ಸು ಹೊರಟ ಮೇಲೆ ಮಂಗಳಾಗೆ ಇನ್ನೊಂದು ಸಿಟ್ಟು ಬಂತು, ಈ ಸಲ ತನ್ನ ಮೇಲೆಯೇ. ಬಾಗಿಲು ಬೇಗ ಮುಗಿಯಲಿ ಎಂದು ಕೂಗಾಡಿ ಬಂದಿದ್ದಾಳೆ. ಮುಗಿದರೆ ಮುಂದಿನ ಭಾನುವಾರ ಯಾವ ನೆಪ ಹೇಳಿ ಈ ಬಸ್ಸು ಹತ್ತುವುದು? ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ರಿಟೈರ್ ಆಗಿ ಪಿಂಚಣಿ ಬರುತ್ತಿರುವ ಹೆಂಗಸು, ಒಬ್ಬ ಬಡಗಿಯ ಕಾಫಿಗಾಗಿ ವಾರವಿಡೀ ಕಾಯುತ್ತೇನೆಂದು ಯಾರಿಗೆ ಹೇಳುವುದು? ಅವರಾದರೂ ಹೇಳಬಾರದೇ? ಹುಂಜ ಕೆತ್ತಲು ಪುರುಸೊತ್ತಿದೆ, ಒಂದು ಮಾತು ಆಡಲು ಇಲ್ಲ.

ಗೃಹಪ್ರವೇಶದ ಹಿಂದಿನ ದಿನ ಬಾಗಿಲು ಲಗೇಜ್ ಆಟೋದಲ್ಲಿ ಬಂತು. ಪಕ್ಕದಲ್ಲಿ ಪಾಲಾಕ್ಷಪ್ಪ, ಬಾಗಿಲಿಗೆ ಪೆಟ್ಟಾದೀತೆಂದು ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದುಕೊಂಡು ಬಂದಿದ್ದರು. ಮಂಗಳಾ ಹೂವಿನವರ ಹತ್ತಿರ ಹೋಗಿ ಬರುವಷ್ಟರಲ್ಲಿ ಬಾಗಿಲು ಚೌಕಟ್ಟಿಗೆ ಕೂತು ಜೇನುಬಣ್ಣಕ್ಕೆ ಹೊಳೆಯುತ್ತಿತ್ತು. ಆದರೆ ಅಷ್ಟರಲ್ಲಾಗಲೇ ಅರಕಲಗೂಡಿನಿಂದ ಬಂದ ಬಸವೇಶ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ.

“ಏನ್ ಯಜಮಾನ್ರೇ, ವಯಸ್ಸಾದಂಗೆ ಎಡ ಬಲ ಮರ್ತೋಯ್ತಾ? ಬೀದೀಲಿರೋ ಮನೇಗೆಲ್ಲಾ ಚಿಲಕ ಬಲಕ್ಕದೆ. ನೀವು ಎಡಕ್ಕೆ ಮಡಗಿದ್ದೀರಿ! ನಾಳೆ ಅಯ್ನೋರು ಬತ್ತಾರೆ, ನೆಂಟ್ರೆಲ್ಲ ಬತ್ತಾರೆ, ಏನ್ ಏಳೋದು?”

ಮಂಗಳಾ ನೋಡಿದಳು. ನಿಜ. ಇಷ್ಟು ತಿಂಗಳು ಕಾಯಿಸಿ, ಕೊನೆಗೆ ಇದು!

“ನಂಗೊಂದು ಮಾತು ಹೇಳೋದಲ್ವಾ ಪಾಲಾಕ್ಷಪ್ಪೋರೇ?”

“ಮರ್ತು ಮಡ್ಗಿಲ್ಲ,” ಪಾಲಾಕ್ಷಪ್ಪ ನೆಲದ ಹುಡಿ ಗುಡಿಸುತ್ತಲೇ ಅಂದರು. “ಮೇಡಮ್ನೋರು ಒಂದ್ಸಲ ತೆಗ್ದು ನೋಡ್ಲಿ. ಬ್ಯಾಡ ಅಂದ್ರೆ ನಾನೇ ಬಿಚ್ತೀನಿ.”

“ತೆಗೆದು ನೋಡೋದೇನಿದೆ, ಬಾಗ್ಲು ಬಾಗ್ಲೇ!” ಎನ್ನುತ್ತ ಮಂಗಳಾ ದಡದಡ ಮೆಟ್ಟಿಲು ಹತ್ತಿ, ಚಿಲಕ ಸರಿಸಿ, ದಬ್ಬಿ ಒಳಗೆ ನುಗ್ಗಿದಳು. ಭುಜ ತಿರುಗಿಸಬೇಕಾಗಲಿಲ್ಲ. ಮೊಣಕೈ ಎಲ್ಲಿಯೂ ತಾಗಲಿಲ್ಲ. ಬಾಗಿಲು ಸದ್ದಿಲ್ಲದೆ ಸರಿದು ದಾರಿ ಬಿಟ್ಟಿತು. ಒಳಗೆ ನಿಂತ ಮೇಲಷ್ಟೇ ಅವಳಿಗೆ ಗೊತ್ತಾಯಿತು, ತಾನು ತೆಗೆದದ್ದು ಎಡಗೈಯಲ್ಲಿ.

ಅವಳು ಎಡಚಿ. ಆ ಮಾತನ್ನು ಅವಳ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಎಡಗೈಯಲ್ಲಿ ಬಾಗಿಲು ತೆಗೆದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅಜ್ಜಿ ಪುಟ್ಟತಾಯಮ್ಮ ಸೌಟು ತಿರುಗಿಸಿ ಮಣಿಕಟ್ಟಿಗೆ ಹೊಡೆಯುತ್ತಿದ್ದರು. ಬಸವೇಶ ಹುಟ್ಟುವ ಹೊತ್ತಿಗೆ ಅವಳು ಬಲಗೈಯಲ್ಲಿ ಉಣ್ಣುವುದು, ಬರೆಯುವುದು ಎಲ್ಲ ಕಲಿತುಬಿಟ್ಟಿದ್ದಳು. ಕಟ್ಟಿಕೊಂಡ ಗಂಡನಿಗೂ ತಿಳಿಯಲಿಲ್ಲ. ಯಾರೂ ಇಲ್ಲದಾಗ ಮಾತ್ರ, ಇಲ್ಲವೇ ಮೈಮೇಲೆ ಎಚ್ಚರವಿಲ್ಲದಾಗ, ಆ ಕೈ ತಾನಾಗಿ ಮುಂದೆ ಬರುತ್ತಿತ್ತು.

“ನಿಮಗೆ ಯಾರು ಹೇಳಿದ್ದು?” ಅವಳು ತಿರುಗಿ ನಿಂತು ಕೇಳಿದಳು.

“ಯಾರ್ ಯೋಳ್ತಾರೆ? ಸಿಟ್ಟು ಬಂದ್ ದಿನ ಕೊಟ್ಗೆ ಬಾಗ್ಲ ಎಡಗೈಲಿ ದಬ್ತಿದ್ರಿ. ಸಿಟ್ಟಿಲ್ದ ದಿನ ಬಲಗೈಲಿ, ಕಷ್ಟಪಟ್ಕಂಡು. ಯಾವ್ದು ನಿಜವಾದ ಕೈ ಅಂತ ಗೊತ್ತಾಗ್ಬೇಕಿತ್ತಲ್ಲ. ಅದ್ಕೇ...”

“ಅದಕ್ಕೆ?”

“ಸಿಟ್ಟು ಬರುಸ್ತಿದ್ದೆ.” ಪಾಲಾಕ್ಷಪ್ಪ ತಲೆ ತಗ್ಗಿಸಿಕೊಂಡರು. “ಒಂದೆರ್ಡು ಸಲ ಜಾಸ್ತಿನೂ ಆಗಿರ್ಬೋದು.”

ಅಷ್ಟೂ ಭಾನುವಾರಗಳು! ಮಂಗಳಾಗೆ ಅವರ ತಲೆಯ ಮೇಲೆ ಏನಾದರೂ ಎತ್ತಿ ಹಾಕಬೇಕೆನಿಸಿತು. ಅದೇ ಕ್ಷಣಕ್ಕೆ ಕಣ್ಣೂ ತುಂಬಿ ಬಂತು. ಅರವತ್ತು ದಾಟುವವರೆಗೆ ಯಾರೂ ಅವಳನ್ನು ಇಷ್ಟು ಸರಿಯಾಗಿ ನೋಡಿರಲಿಲ್ಲ.

ಬಸವೇಶ ಆಗಲೇ ಆಟೋದವನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಬಂದಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಂಗಳಾ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಬಿಚ್ಚಬೇಡ.”

“ಅಕ್ಕ, ನಾಳೆ ಜನ ಕೇಳ್ತಾರೆ ಕಣಕ್ಕ.”

“ನಮ್ಮಕ್ಕ ಎಡಚಿ ಅಂತ ಹೇಳು. ಇದು ಅವಳ ಮನೆ, ಅವಳ ಕೈಗೆ ತಕ್ಕ ಬಾಗಿಲು ಅಂತ ಹೇಳು. ನಾಚಿಕೆ ಆದ್ರೆ ನಾನೇ ಹೇಳ್ತೀನಿ.”

ಬಸವೇಶ ಅಕ್ಕನ ಕೈಯನ್ನೇ ನೋಡಿದ. ಕೊನೆಗೆ ಶಾಮಿಯಾನದವನಿಗೆ ಫೋನು ಮಾಡುವ ನೆಪದಲ್ಲಿ ಹಿತ್ತಲಿಗೆ ಹೋದ.

ಪಾಲಾಕ್ಷಪ್ಪ ಉಳಿ, ಕೊಡತಿ ಎಲ್ಲ ಚೀಲಕ್ಕೆ ತುಂಬಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಬತ್ತೀನಿ ಮೇಡಂ. ಕೆಲ್ಸ ಮುಗೀತು.”

ಮಂಗಳಾಗೆ ರೇಗಿಹೋಯಿತು. “ಹೊರಟೇಬಿಟ್ರಾ? ನನ್ನ ನಿಜವಾದ ಕೈ ಯಾವುದು ಅಂತ ಕಂಡಿತು. ಬಾಗ್ಲು ನೆಪ ಮಾಡ್ಕೊಂಡು ವಾರ ವಾರ ಯಾಕೆ ಬರ್ತಿದ್ದೆ ಅನ್ನೋದು ಕಾಣಿಸ್ಲಿಲ್ವಾ?”

ಪಾಲಾಕ್ಷಪ್ಪನ ಕಿವಿ ಕೆಂಪಾದವು. ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

“ಕಂಡದೆ. ಹಲ್ಗೆ ಯಾವತ್ತೋ ಆರಿತ್ತು. ನೀವು ಬರೋದು ನಿಂತೋಯ್ತದೆ ಅಂತ ನಾನೇ ಆರಿಲ್ಲ ಅಂತಿದ್ದೆ. ನೀವಂದ್ರೆ ನಂಗೆ ಇಷ್ಟ ಕಣ್ರೀ. ಆದ್ರೆ ಮೇಷ್ಟ್ರಮ್ನೋರ್ನ ಕೇಳಾಕೆ ಧೈರ್ಯ ಬರ್ಬೇಕಲ್ಲ.” ಚೀಲ ಕೆಳಗಿಟ್ಟು, “ಇನ್ನೊಂದು ತೊಂದ್ರೆನೂ ಅದೆ. ನಾನು ಬಲಗೈಯೋನು. ಈ ಬಾಗ್ಲು ನಂಗೆ ಉಲ್ಟಾ. ಅಭ್ಯಾಸ ಆಗಾಕೆ ಟೈಮ್ ಬೇಕಾಯ್ತದೆ” ಎಂದರು.

“ದಿನಾ ತೆಗೆದು ಹಾಕಿದ್ರೆ ಆಗುತ್ತೆ.”

“ದಿನಾನಾ?”

“ದಿನಾ. ಎಷ್ಟು ಸಲ ಹೇಳ್ಬೇಕು? ಹೋಗಿ, ಈಗ್ಲೇ ಶುರುಮಾಡಿ.”

ಹೇಳಿದ ಮಾತು ಕೇಳುವ ಹುಡುಗನಂತೆ ಪಾಲಾಕ್ಷಪ್ಪ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಆಮೇಲೆ ಬಲಗಡೆಯಲ್ಲಿ ತಡಕಾಡುವ ಸದ್ದು, ದಬ್ಬುವ ಸದ್ದು. ಬಾಗಿಲು ಅಲುಗಲಿಲ್ಲ. ತಾನೇ ಮಾಡಿದ ಬಾಗಿಲು! ಮಂಗಳಾ ಹಣೆ ಚಚ್ಚಿಕೊಂಡು ನಕ್ಕಳು.

ಹಿತ್ತಲಿನಿಂದ ಬಸವೇಶ ಓಡಿ ಬಂದ. “ಯಾರಕ್ಕ ಅದು, ಬಾಗ್ಲು ಬಡೀತಿರೋದು?”

“ನಿಮ್ಮ ಭಾವ,” ಎಂದಳು ಮಂಗಳಾ. “ಹೋಗಿ ತೆಗಿ, ಇಲ್ದಿದ್ರೆ ಸಂಜೆವರ್ಗೂ ಅಲ್ಲೇ ನಿಂತಿರ್ತಾರೆ.”