ಸಂದರ್ಶನಕ್ಕೆ ಮುನ್ನ ಕಳೆದ ಫೈಲು

"ಚಿಕ್ಕಮ್ಮಾ, ನನ್ನ ಫೈಲು ಕಾಣ್ತಿಲ್ಲ!"

ಜೋರ್ನಿತ್ಸಾ ಹಾಗೆ ಕೂಗಿದಾಗ ನಾನು ಮೂಲೆಯಲ್ಲಿ ಕೂತು ಅವಳದೇ ಕೋಟಿನ ತೋಳು ಚಿಕ್ಕದು ಮಾಡುತ್ತಿದ್ದೆ. ಗಂಟೆ ಹತ್ತೂವರೆ. ಹನ್ನೆರಡಕ್ಕೆ ಅವಳಿಗೆ ಸಂದರ್ಶನ. ಹಳೆಯ ಮನೆಗಳನ್ನು ದುರಸ್ತಿ ಮಾಡುವ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಎರಡು ವರ್ಷ ನಮ್ಮೂರು ಪ್ಲೊವ್ದಿವ್‌ನ ಬೀದಿ ಬೀದಿ ಅಲೆದು ಬರೆದ ನಕ್ಷೆಗಳೆಲ್ಲ ಆ ಫೈಲಿನಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ನಾವು ನಾಲ್ವರು ವಾಚನಾಲಯದಲ್ಲಿ ಸೇರಿ ಕೆಲಸ ಹುಡುಕುವವರಿಗೆ ಪುಕ್ಕಟೆ ನೆರವಾಗುತ್ತಿದ್ದೆವು. ನಾನು ಗೆಂಚೊ, ದರ್ಜಿ. ಕೋಸ್ತಾ ಅರ್ಜಿಗೆ ಫೋಟೊ ತೆಗೆಯುತ್ತಿದ್ದ. ಕಂಪನಿಯೊಂದರಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಲ್ಯೂಬೆನ್ ಸಂದರ್ಶನದ ತಾಲೀಮು ಮಾಡಿಸುತ್ತಿದ್ದರು. ಅರ್ಜಿ ತಿದ್ದುತ್ತಿದ್ದವರು ಸ್ಟಾಮೆನಾ, ಬರುವ ಮಕ್ಕಳಿಗೆಲ್ಲ ಚಿಕ್ಕಮ್ಮ. ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಮಾತು ಟೈಪು ಮಾಡಿದವರು. ಅಲ್ಲಿ ಏನು ಕಳೆದರೂ ಎಲ್ಲರೂ ಓಡುತ್ತಿದ್ದುದು ಅವರ ಬಳಿಗೇ.

"ಅಳ್ಬೇಡ. ಎಲ್ಲಿಟ್ಟಿದ್ದೆ?" ಎಂದರು ಸ್ಟಾಮೆನಾ.

"ಈ ಮೇಜಿನ ಮೇಲೆ. ಮುಖ ತೊಳ್ಕೊಂಡು ಬರೋಷ್ಟರಲ್ಲಿ ಇಲ್ಲ."

"ನಾನು ಬೀದೀಲಿ ಸಿಗರೇಟು ಸೇದ್ತಿದ್ದೆ," ಎಂದ ಕೋಸ್ತಾ.

"ಅಷ್ಟು ದೊಡ್ಡ ಚೀಲ ಹೊತ್ಕೊಂಡಾ?" ಲ್ಯೂಬೆನ್ ಗಡಿಯಾರ ನೋಡಿಕೊಂಡರು. "ನಾನಂತೂ ಕಾಲು ಹೊರಗಿಟ್ಟಿಲ್ಲ."

ಕೋಸ್ತಾ ಸಿಟ್ಟಿನಿಂದ ಚೀಲ ಸುರಿದ. ಕ್ಯಾಮೆರಾ ಬಿಟ್ಟರೆ ಏನೂ ಇರಲಿಲ್ಲ. ಸ್ಟಾಮೆನಾ ಮಾತ್ರ ಲ್ಯೂಬೆನ್ ಅವರ ಮಣಿಕಟ್ಟನ್ನೇ ನೋಡುತ್ತಿದ್ದರು. ಅಲ್ಲಿ ಗಡಿಯಾರವೊಂದೇ ಇತ್ತು. ಮಾರ್ಚ್ ತಿಂಗಳ ಅಜ್ಜಿಯ ಹೆಸರಿನಲ್ಲಿ ನಾವೆಲ್ಲ ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ ಬೆಳಿಗ್ಗೆ ಅಲ್ಲೇ ಇತ್ತು. ಅದಕ್ಕೆ ಕಾಫಿ ಚೆಲ್ಲಿ ಕಂದು ಕಲೆಯಾದಾಗ "ಮಾರ್ಚಜ್ಜಿಗೂ ಕಾಫಿ ಕುಡಿಸಿದ್ರಾ?" ಎಂದು ಕೋಸ್ತಾ ಕಿಚಾಯಿಸಿದ್ದ.

ಸ್ಟಾಮೆನಾ ಮೊಳೆಯಲ್ಲಿದ್ದ ಹಿತ್ತಲ ಬಾಗಿಲಿನ ಬೀಗದ ಕೈ ತೆಗೆದುಕೊಂಡು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದರು. ಅಲ್ಲಿನ ಪ್ಲಮ್ ಮರ ಅಂದೇ ಹೂಬಿಟ್ಟಿತ್ತು. ಕೆಳಗಿನ ಕೊಂಬೆಯಲ್ಲೊಂದು ಕಂದು ಕಲೆಯ ದಾರ.

"ಮಾರ್ಚ್ ಒಂದಕ್ಕೆ ಎಲ್ಲರೂ ದಾರ ಕಟ್ಕೊಂಡ್ವಿ," ಎಂದರು ಸ್ಟಾಮೆನಾ. "ಹೂಬಿಟ್ಟ ಮರ ಕಂಡ ಕೂಡ್ಲೇ ಬಿಚ್ಚಿ ಅದಕ್ಕೇ ಕಟ್ತೀವಿ. ಚಿಕ್ಕಂದಿನ ಅಭ್ಯಾಸ, ಕೈ ತಾನಾಗೇ ಮಾಡುತ್ತೆ. ಬೀದೀಲಿ ಒಂದು ಮರಾನೂ ಹೂಬಿಟ್ಟಿಲ್ಲ. ಗೆಂಚೊ, ಕೋಸ್ತಾ ಇಬ್ಬರ ದಾರಾನೂ ಕೈಯಲ್ಲೇ ಇದೆ. ಲ್ಯೂಬೆನ್ ಅವರೇ, ಕಾಲು ಹೊರಗಿಡದೆ ನಿಮ್ಮ ದಾರ ಇಲ್ಲಿಗೆ ಹೇಗೆ ಬಂತು? ಗೆಂಚೊ, ಆ ಸೌದೆ ಹಿಂದೆ ನೋಡು."

ಫೈಲು ಅಲ್ಲೇ ಇತ್ತು. ಜೋರ್ನಿತ್ಸಾ ಅದನ್ನು ಎದೆಗವಚಿಕೊಂಡು ಅತ್ತಳು. ನನಗೆ ಆ ಮನುಷ್ಯನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂದಿತ್ತು.

"ಪ್ರತಿ ವಾರ ಈ ಮಕ್ಕಳಿಗೆ ಕೇಳ್ತೀರಲ್ಲ, ನಿಮ್ಮಲ್ಲಿರೋ ಕೊರತೆ ಏನು ಅಂತ," ಎಂದರು ಸ್ಟಾಮೆನಾ. "ಈಗ ನೀವೇ ಹೇಳಿ."

ಲ್ಯೂಬೆನ್ ತಲೆ ತಗ್ಗಿಸಿದರು. "ನನ್ನ ತಂಗಿ ಮಗಾನೂ ಇವತ್ತು ಅಲ್ಲಿಗೇ ಹೋಗ್ತಿದಾನೆ. ಇವಳಿಗೆ ತಾಲೀಮು ಕೊಟ್ಟೋನು ನಾನೇ. ಇವಳ ಮುಂದೆ ಅವನು ನಿಲ್ಲಲ್ಲ ಅಂತ ಗೊತ್ತಿತ್ತು."

ಅವರು ಹೊರಟುಹೋದರು. ನಾನು ಕೊನೆಯ ಹೊಲಿಗೆ ಹಾಕಿ ಕೋಟು ತೊಡಿಸಿದೆ. ಎರಡು ಗಂಟೆಗೆ ಫೋನ್ ಬಂತು: "ಚಿಕ್ಕಮ್ಮಾ, ಸೋಮವಾರದಿಂದ ಬಾ ಅಂದ್ರು!"

ತಾಲೀಮಿಗೆ ಇನ್ನೂ ಮೂವರು ಕಾದಿದ್ದರು. ಲ್ಯೂಬೆನ್ ಅವರ ಕುರ್ಚಿ ಖಾಲಿ.

"ಗೆಂಚೊ, ಹೋಗಿ ಕೂತ್ಕೊ."

"ನಾನಾ? ನಂಗೇನು ಗೊತ್ತು?"

"ಯಾರ ಅಳತೆ ಎಷ್ಟು ಅಂತ ಗೊತ್ತಲ್ಲ, ಸಾಕು," ಎಂದು ಸ್ಟಾಮೆನಾ ಮುಂದಿನ ಅರ್ಜಿ ಕೈಗೆತ್ತಿಕೊಂಡರು.