ತಿರುಗಿದ ಬಾಣ

ಭಾನುವಾರ ಬೆಳಗ್ಗೆ 8.50ಕ್ಕೆ ಠಾಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಒಳಗೆ ನುಗ್ಗಿದವನ ಹುಬ್ಬಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು.

"ನನ್ನ ಗೆಳೆಯ ಬೆಟ್ಟದಲ್ಲಿ ಬಿದ್ದಿದ್ದಾನೆ. ಜೀವ ಇದೆ. ಬೇಗ ಬನ್ನಿ!"

"ಎಷ್ಟು ಹೊತ್ತಿಗೆ ಬಿದ್ದಿದ್ದು?" ಇನ್‌ಸ್ಪೆಕ್ಟರ್ ಆಗಲೇ ಎದ್ದು ನಿಂತಿದ್ದಳು.

"ಏಳು ಮೂವತ್ತೊಂದಕ್ಕೆ ಅವನ ಕೂಗು ಕೇಳ್ತು."

"ಅಷ್ಟು ಕರೆಕ್ಟಾಗಿ?"

"ಗಡಿಯಾರ ರಿಪೇರಿ ಮಾಡೋನು, ಮೇಡಂ."

ಅವನೂ ಅವನ ಗೆಳೆಯ ಬಸ್ ಡ್ರೈವರನೂ ಶನಿವಾರ ಬೆಟ್ಟದ ನಡುವಿನ ಬಯಲಲ್ಲಿ ಡೇರೆ ಹಾಕಿದ್ದರು. ಬೆಳಗ್ಗೆ ಶಿಖರದಿಂದ ಸೂರ್ಯನನ್ನು ನೋಡಬೇಕೆಂದು ಡ್ರೈವರ್ ಮುಂಚೆಯೇ ಹೊರಟ. ಡೇರೆ ಸುತ್ತಿಟ್ಟು ಇವನು ಹಿಂದೆ ಹೋದ. ದಾರಿ ಕವಲೊಡೆಯುವಲ್ಲಿ 'ಶಿಖರ' ಎಂಬ ಫಲಕದ ಬಾಣ ಎಡಕ್ಕೆ ತೋರಿಸುತ್ತಿತ್ತು. ಆ ದಾರಿಯ ಹಲಗೆ ಸೇತುವೆ ಮುರಿದು, ಡ್ರೈವರ್ ಕೆಳಗೆ ಚಾಚಿಕೊಂಡಿದ್ದ ಬಂಡೆಯ ಮೇಲೆ ಬಿದ್ದಿದ್ದ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

"ನನ್ನ ನಕ್ಷೆಯಲ್ಲಿ ಶಿಖರ ಬಲಕ್ಕಿದೆ. ಬಾಣ ಯಾರೋ ತಿರುಗಿಸಿದ್ದಾರೆ."

ಎರಡು ವರ್ಷದಿಂದ ಬರೀ ಫೈಲುಗಳಲ್ಲಿ ಮುಖ ಹುದುಗಿಸಿ ಕೂತಿದ್ದ ಇನ್‌ಸ್ಪೆಕ್ಟರ್ ಬೂಟಿನ ಲೇಸು ಬಿಗಿಯತೊಡಗಿದಳು. ಬೆಟ್ಟವೆಂದರೆ ಅವಳಿಗೆ ಪ್ರಾಣ. ಹಗ್ಗ, ಸ್ಟ್ರೆಚರ್, ಕಂಬಳಿ ಹಿಡಿದು ಅವಳೂ ಗಡಿಯಾರದವನೂ ಇಬ್ಬರು ಪೇದೆಗಳೂ ಹೊರಟರು. ಜೊತೆಗೆ, ಊರೆಲ್ಲ ಮೀಸೆ ಎಂದೇ ಕರೆಯುವ ಕಾನ್‌ಸ್ಟೇಬಲ್.

"ಮೇಡಂ, ಸ್ವಲ್ಪ ನಿಧಾನ. ನನ್ನದು ಡೀಸೆಲ್ ಎಂಜಿನ್ನು, ಬಿಸಿಯಾಗೋಕೆ ಹೊತ್ತು ಬೇಕು," ಎಂದು ಮೀಸೆ ಏದುಸಿರು ಬಿಟ್ಟ.

10.20ಕ್ಕೆ ಸೇತುವೆ ತಲುಪಿದರು. "ಇದ್ದೀಯೇನೋ?" ಗಡಿಯಾರದವನು ಅಂಚಿಗೆ ಬಾಗಿ ಕೂಗಿದ.

"ಇಲ್ದೆ ಎಲ್ಲಿಗೆ ಹೋಗ್ಲಿ? ಕಾಲು ಮುರಿದಿದೆ! ಆದ್ರೆ ಸೂರ್ಯ ಇಲ್ಲಿಂದ್ಲೇ ಕಾಣಿಸ್ದ ಕಣೋ!"

ಸೊಂಟಕ್ಕೆ ಹಗ್ಗ ಬಿಗಿದು ಇನ್‌ಸ್ಪೆಕ್ಟರೇ ಇಳಿದಳು. ಬೂಟಿನಡಿಯ ಮಂಜುಗಡ್ಡೆ ಪಟಪಟನೆ ಒಡೆಯಿತು. ಡ್ರೈವರನ ತುಟಿ ನೀಲಿಗಟ್ಟಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು. 11.15ಕ್ಕೆ ಅವನನ್ನು ಮೇಲೆ ಎಳೆದಾಗ ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ತಬ್ಬಿಕೊಂಡರು. ಮೀಸೆಯ ಕಣ್ಣೂ ಒದ್ದೆಯಾಯಿತು. ಚಳಿಗೆ ಹಾಗಾಯಿತೆಂದ.

ಇಬ್ಬರು ಸ್ಟ್ರೆಚರ್ ಹೊತ್ತು ಇಳಿದರು. 12.30ಕ್ಕೆ, ಗಡಿಯಾರದವನೂ ದಾರಿಯಲ್ಲಿ ಸಿಕ್ಕ ಚಾರಣಿಗನೊಬ್ಬನೂ ಪಂಚ ಸಾಕ್ಷಿಗಳಾಗಿ, ಕವಲಿನಲ್ಲಿ ಪಂಚನಾಮೆ ನಡೆಯಿತು. ಫಲಕದ ಬೋಲ್ಟಿನ ಮೇಲೆ ಸ್ಪ್ಯಾನರಿನ ಹೊಸ ಗೀರು. 'ಹಳೆ ದಾರಿ ಮುಚ್ಚಿದೆ' ಎಂಬ ಪಟ್ಟಿ ಪೊದೆಯೊಳಗೆ ಬಿದ್ದಿತ್ತು. ಆದರೆ ಇನ್‌ಸ್ಪೆಕ್ಟರ್ ಕಣ್ಣು ನೆಟ್ಟಿದ್ದು ಎಡದಾರಿಯ ಕಲ್ಲಿನ ಮೆಟ್ಟಿಲುಗಳ ಮೇಲೆ. ಗುಡಿಸಿದ್ದ ಮೆಟ್ಟಿಲ ಮೇಲೆ, ಮಂಜಿಗೆ ಕಾಲು ಜಾರದಂತೆ ಬೂದಿ ಚೆಲ್ಲಿತ್ತು.

"ಬೀಳಿಸ್ಬೇಕು ಅನ್ನೋರು ಬೂದಿ ಹಾಕ್ತಾರೇನ್ರೀ?"

ಬೂದಿ ನಲವತ್ತನೇ ಮೆಟ್ಟಿಲಿಗೆ ನಿಂತುಹೋಗಿತ್ತು. ಸೇತುವೆ ಇನ್ನೂ ಬಹಳ ಮೇಲಿತ್ತು. ಅವಳು ಒಂದು ಹಿಡಿ ಬೂದಿ ಎತ್ತಿ ಉಜ್ಜಿ ನೋಡಿದಳು. ಸುಟ್ಟು ಕರಕಲಾದ ಬ್ರೆಡ್ಡಿನ ಚೂರುಗಳು ಸಿಕ್ಕವು.

ಬೆಟ್ಟದ ಬುಡದಲ್ಲಿದ್ದುದು ಒಂದೇ ಬೇಕರಿ. ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದ ಇನ್‌ಸ್ಪೆಕ್ಟರ್ 2.40ಕ್ಕೆ ಅಲ್ಲಿದ್ದಳು. ಬೇಕರಿಯ ಒಡತಿಗೆ ಅರವತ್ತು ದಾಟಿತ್ತು. ಒಲೆಯ ಪಕ್ಕದಲ್ಲಿ ಬೂದಿಯ ಬಕೆಟ್ಟಿತ್ತು, ಅದಕ್ಕೆ ಒರಗಿದ ಸ್ಪ್ಯಾನರ್ ಕೂಡ.

"ಫಲಕ ತಿರುಗಿಸಿದ್ದು ಯಾವಾಗ?"

ಅವಳು ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ಶುಕ್ರವಾರ ಮಧ್ಯಾಹ್ನ. ಯಾಕೆ?"

"ಸೇತುವೆ ಮುರಿದು ಒಬ್ಬರು ಬಿದ್ದಿದ್ದಾರೆ."

ಅವಳ ಕೈ ಮೇಜಿನ ಅಂಚನ್ನು ಹುಡುಕಿತು. "ಸತ್ರಾ?"

"ಇಲ್ಲ. ಕಾಲು ಮುರಿದಿದೆ. ಸೇತುವೆ ಲಡ್ಡಾಗಿದ್ದು ನಿಮ್ಗೆ ಗೊತ್ತಿರ್ಲಿಲ್ವಾ?"

"ಮಂಡಿ ಬಿಡಲ್ಲಮ್ಮ. ಕವಲಿನ ತನಕ ಕೂತು ಎದ್ದು ಹೇಗೋ ಹೋಗ್ತೀನಿ, ಆಮೇಲೆ ನಲವತ್ತು ಮೆಟ್ಟಿಲು ಹತ್ತೋಷ್ಟ್ರಲ್ಲಿ ಸಾಕುಸಾಕಾಗತ್ತೆ. ಮೇಲೂ ಹಾಗೇ ಗಟ್ಟಿ ಇರತ್ತೆ ಅಂದ್ಕೊಂಡೆ."

"ದಾರಿ ಮುಚ್ಚಿದೆ ಅಂತ ಬರೆದಿತ್ತಲ್ಲ."

"ಓದಿದೆ. ಕಿತ್ತೆಸೆದೆ." ಸುಳ್ಳು ಹೇಳುವ ಪ್ರಯತ್ನವನ್ನೇ ಅವಳು ಮಾಡಲಿಲ್ಲ. "ಆ ಕಲ್ಲುಗಳನ್ನ ನಮ್ಮಣ್ಣ ಹೊತ್ತು ಹಾಕಿದ್ದು. ಹನ್ನೊಂದು ಚಳಿಗಾಲ. ಕೈಯಲ್ಲಿ ರೇಖೆನೇ ಉಳಿದಿರ್ಲಿಲ್ಲ ಅವನಿಗೆ. ಅವನು ತೀರ್ಕೊಂಡ ವರ್ಷವೇ ಹೊಸ ದಾರಿ ಮಾಡಿದ್ರು. ಆಮೇಲೆ ಒಂದು ನರಪಿಳ್ಳೆನೂ ಆ ಕಡೆ ತಲೆ ಹಾಕ್ಲಿಲ್ಲ."

ಮೀಸೆಯೂ ಇಳಿದು ಬಂದು ಸೇರಿದ ಮೇಲೆ, 3.25ಕ್ಕೆ ಬಂಧನವಾಯಿತು. ಅವಳು ಒಲೆ ಆರಿಸಿ, ಏಪ್ರನ್ ಬಿಚ್ಚಿ, ಗಾಯಾಳು ಯಾವ ಆಸ್ಪತ್ರೆಯಲ್ಲಿದ್ದಾನೆಂದು ಕೇಳಿದಳು. ಆಗತಾನೆ ಬೆಂದ ನಾಲ್ಕು ಬನ್ನು ಕಟ್ಟಿ, ಅವನಿಗೆ ತಲುಪಿಸಲು ಮೀಸೆಯ ಕೈಗಿಟ್ಟಳು.

ಬೆಳಗ್ಗೆಯಿಂದ ಪುಟಿಯುತ್ತಿದ್ದ ಇನ್‌ಸ್ಪೆಕ್ಟರ್ ಠಾಣೆಯಲ್ಲಿ ಟೋಪಿ ತೆಗೆದಿಟ್ಟು ಕಿಟಕಿಯ ಹತ್ತಿರ ನಿಂತಳು. ಬೆಟ್ಟ ಬಿಸಿಲಿಗೆ ಹೊಳೆಯುತ್ತಿತ್ತು.

"ಮೇಡಂ, ಉದ್ದೇಶ ಅನ್ನೋ ಕಡೆ ಏನು ಬರೀಲಿ?" ಮೀಸೆ ಪೆನ್ನು ಹಿಡಿದು ಕೂತಿದ್ದ. "ಕಿಡಿಗೇಡಿತನ ಅಂತ ಹಾಕ್ಲಾ?"

"ಬೇಡ. ಅಣ್ಣ ಹಾಕಿದ ಮೆಟ್ಟಿಲ ಮೇಲೆ ಯಾರಾದರೂ ನಡೆಯಲಿ ಎಂದು. ಹಾಗೇ ಬರೀರಿ."

ಮೀಸೆ ತಲೆ ತಗ್ಗಿಸಿ, ಅಕ್ಷರ ದುಂಡಗೆ ಬರುವಂತೆ, ನಿಧಾನವಾಗಿ ಬರೆದ.