ಎರಡು ಕೆನ್ನೆಯ ಕೆಂಪು

ಗೊಂಬೆ ಅತ್ತೆ ಬಾಗಿಲಲ್ಲಿ ಬಂದು ನಿಂತಾಗ ಅಳಿಯ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ಹಿಂದಿನ ದಿನ, ತಾನು ಕೆಲಸ ಮಾಡುವ ಲಸಿಕೆ ಪ್ರಯೋಗಾಲಯದ ಶಿಶುವಿಹಾರದಲ್ಲಿ, ನಾಲ್ಕು ಜನರೆದುರು, "ನನ್ನ ಮಗಳ ಕೆನ್ನೆಗೆ ಹೊಡೆದಿದ್ದೀಯ" ಎಂದು ಅಲ್ಲಿನ ಆಯಾ ಆದ ಈಕೆಯ ಮೇಲೆ ಹರಿಹಾಯ್ದವನು ಅವನೇ. ಹಳೆಯ ಕಾಲುಚೀಲಗಳಲ್ಲಿ ಗೊಂಬೆ ಹೊಲಿದು ಕೊಡುವುದರಿಂದ ಮಕ್ಕಳೆಲ್ಲ ಆಕೆಗೆ ಇಟ್ಟ ಹೆಸರು ಗೊಂಬೆ ಅತ್ತೆ. ಆಕೆ ಬಂದಿದ್ದು ಅವನಿಗಾಗಿ ಅಲ್ಲ, ಅವನ ಮಾವನಿಗಾಗಿ.

ಮಾವ ನಿವೃತ್ತ ವಕೀಲರು. ಕೋರ್ಟು ಬಿಟ್ಟರೂ ಪಾಟೀಸವಾಲು ಬಿಟ್ಟಿರಲಿಲ್ಲ. ಕಳುವಾದ ಸೈಕಲ್ಲಿರಲಿ, ಕಾಣೆಯಾದ ಉಯಿಲಿರಲಿ, ಬಾಲ ಸಿಕ್ಕರೆ ಸಾಕು, ಬುಡ ಮುಟ್ಟುವವರೆಗೆ ಎಳೆಯುತ್ತಿದ್ದರು. ಅಂಥ ಪ್ರತಿ ಪತ್ತೆಯಲ್ಲೂ ಅಳಿಯ ಅವರ ಬೆನ್ನಿಗೇ ಇರುತ್ತಿದ್ದ. ಈ ಸಲ ಮಾತ್ರ ಅವನೇ ಫಿರ್ಯಾದಿ.

"ಯಜಮಾನ್ರೇ, ಮಕ್ಕಳ ಮೇಲೆ ನಾನು ಯಾವತ್ತೂ ಕೈ ಎತ್ತಿದವಳಲ್ಲ," ಎಂದಳು ಆಕೆ. "ನಾಳೆ ವಿಚಾರಣೆ ಇದೆ. ಹೊಡೆಯೋಳು ಅಂತ ಒಂದ್ಸಲ ಹೆಸರು ಬಂದ್ರೆ ಇನ್ಯಾರು ನನ್ನ ಕೈಗೆ ಮಗು ಕೊಡ್ತಾರೆ? ಮನೇಲಿ ಬಸುರಿ ಮಗಳಿದಾಳೆ. ದುಡಿಯೋಳು ನಾನೊಬ್ಬಳೇ."

"ಎಲ್ಲಿ, ಕೈ ತೋರಿಸಮ್ಮ."

ಆಕೆ ಹಿಂಜರಿಯುತ್ತ ಚಾಚಿದಳು. ಬೆರಳ ಗೆಣ್ಣುಗಳೂ ಮಣಿಕಟ್ಟುಗಳೂ ಊದಿಕೊಂಡಿದ್ದವು.

"ನೋಡಿ ಮಾವ, ಹೊಡೆದ ಕೈ," ಎಂದ ಅಳಿಯ.

"ಎರಡೂ ಊದಿದೆಯಲ್ಲ ಅಳಿಯಂದ್ರೇ."

"ಎರಡು ಕೆನ್ನೇನೂ ಕೆಂಪಾಗಿದೆಯಲ್ಲ."

"ಬೆರಳಿನ ಗುರುತು ಮೂಡಿತ್ತಾ?"

"ಇಲ್ಲ. ಕೆನ್ನೆ ಪೂರ್ತಿ ಕೆಂಪು. ಬಾಯಿ ಸುತ್ತ ಬಿಳಚಿಕೊಂಡಿತ್ತು."

"ಹೋದ ವಾರಾನೂ ಒಂದ್ಸಲ ಕೆನ್ನೆ ಹೀಗೇ ಕೆಂಪಾಗಿತ್ತು, ಅಲ್ವಾ? ಅದಕ್ಕೂ ಮುಂಚೆ ಮಗು ಮೈ ಬೆಚ್ಚಗಿತ್ತು."

"ಸಣ್ಣ ಜ್ವರ, ನೆಗಡಿ. ಸಿರಪ್ ಕುಡಿಸಿ ಶಿಶುವಿಹಾರಕ್ಕೆ ಕಳಿಸಿದ್ವಿ. ನಮಗೂ ಕೆಲಸ ಇರುತ್ತಲ್ಲ ಮಾವ."

ಒಳಗಿನಿಂದ ಅಳಿಯನ ಹೆಂಡತಿಯ ದನಿ ಕೇಳಿತು. "ಅಪ್ಪಾ, ಈ ಡಬ್ಬಿ ಮುಚ್ಚಳ ತೆಗೆದುಕೊಡಿ. ಮಣಿಕಟ್ಟು ಊದಿ ಹಿಡ್ಕೊಂಡುಬಿಟ್ಟಿದೆ."

ಮಾವ ಮುಚ್ಚಳ ತೆಗೆದುಕೊಟ್ಟು ಬಂದು ಕುಳಿತರು. ಗೊಂಬೆ ಅತ್ತೆಯನ್ನು ಒಂದೇ ಪ್ರಶ್ನೆ ಕೇಳಿದರು: ನಿನ್ನೆ ಮಗು ಎಲ್ಲಿ ಆಡುತ್ತಿತ್ತು?

"ಅಂಗಳದ ಬಿಸಿಲಲ್ಲಿ. ಒಳಗೆ ಬರುವಾಗ್ಲೇ ಕೆಂಪಾಗಿತ್ತು ಯಜಮಾನ್ರೇ."

ಮರುದಿನ ವಿಚಾರಣೆ ಶಿಶುವಿಹಾರದಲ್ಲೇ ನಡೆಯಿತು. ಕೂರಲು ಮಕ್ಕಳ ಕುರ್ಚಿಗಳಷ್ಟೇ ಇದ್ದವು. ಪ್ರಯೋಗಾಲಯದ ಮುಖ್ಯಸ್ಥೆಯ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮಾವ ಮೊಮ್ಮಗಳನ್ನು ಎಲ್ಲರೆದುರು ನಿಲ್ಲಿಸಿದರು. ಅವಳ ಕೆನ್ನೆ ಎಂದಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ, "ಈ ಪೋರಿಗೆ ಸ್ನಾನ ಮಾಡಿಸಿ ತರ್ತೀನಿ. ನೀವೂ ಬಂದು ನೋಡಿಮ್ಮ," ಎಂದು ಮುಖ್ಯಸ್ಥೆಯನ್ನೂ ಬಚ್ಚಲಿಗೆ ಕರೆದುಕೊಂಡು ಹೋದರು. ಮಕ್ಕಳ ಮೈ ತೊಳೆಯಲು ಅಲ್ಲಿ ಬಿಸಿನೀರು ಸದಾ ಇರುತ್ತಿತ್ತು.

ಮಗು ಟವೆಲು ಸುತ್ತಿಕೊಂಡು ಹೊರಬಂದಾಗ ಎರಡೂ ಕೆನ್ನೆ ಕೆಂಪೇರಿದ್ದವು. ತೋಳುಗಳ ಮೇಲೂ ಬಲೆಬಲೆಯಾಗಿ ಕೆಂಪು ಮೂಡಿತ್ತು.

"ಯಾರು ಹೊಡೆದ್ರು ಪುಟ್ಟಿ?" ಎಂದು ಕೇಳಿದರು ಮಾವ.

"ಯಾರೂ ಇಲ್ಲ. ಅಜ್ಜ ನೀರು ಹುಯ್ದ್ರು. ಕಣ್ಣಿಗೆ ಸೋಪು ಹೋಯ್ತು."

"ಹೊಡೆತದ ಗುರುತು ಒಂದ್ಸಲ ಮಾಸಿದ್ರೆ ಮಾಸ್ತು," ಎಂದರು ಮಾವ. "ಬಿಸಿಲಿಗೆ, ಬಿಸಿನೀರಿಗೆ ಮತ್ತೆ ಏಳಲ್ಲ. ಹೊಡೆದಿದ್ರೆ ಬೆರಳು ಮೂಡಬೇಕಿತ್ತು, ಮೂಡಿಲ್ಲ. ಇದು ರೋಗ. ಮೊದಲು ನೆಗಡಿ ಜ್ವರ, ಕೆಲವು ದಿನ ಬಿಟ್ಟು ಕೆನ್ನೆ. ಇದೇ ರೋಗ ದೊಡ್ಡವರಿಗೆ, ಅದರಲ್ಲೂ ಹೆಂಗಸರಿಗೆ ಬಂದ್ರೆ ಕೀಲು ಹಿಡಿಯುತ್ತೆ. ಜ್ವರದ ಮಗೂನ ಎತ್ತಿ ಆಡಿಸಿದವರು ಇಬ್ಬರು. ಇಬ್ಬರ ಕೈಯೂ ಊದಿದೆ. ಊದಿದ ಕೈ ಹೊಡೆದ ಕೈ ಅನ್ನೋದಾದ್ರೆ ನನ್ನ ಮಗಳನ್ನೂ ವಿಚಾರಣೆಗೆ ಕರೀಬೇಕಾಗುತ್ತೆ. ರೋಗದ ಹೆಸರು ಮಾತ್ರ ಅಳಿಯಂದ್ರು ಹೇಳ್ಲಿ."

ಅಳಿಯ ಮಗಳ ತೋಳಿನ ಕೆಂಪು ಬಲೆಯನ್ನು ನೋಡಿದ. "ಪಾರ್ವೋವೈರಸ್," ಎಂದ.

ಅವನ ಕೋಣೆಯ ಬಾಗಿಲ ಮೇಲೆ ಬರೆದಿದ್ದ ಹೆಸರೂ ಅದೇ. ಅದಕ್ಕೆ ಲಸಿಕೆ ಮಾಡುವುದೇ ಅವನ ಉದ್ಯೋಗ. ತಿರುಳಿಲ್ಲದ ಬರಿಯ ಸಿಪ್ಪೆಯಂಥ ವೈರಸ್ಸು ಕಟ್ಟಿ, ಅದನ್ನು ತೋರಿಸಿ ದೇಹಕ್ಕೆ ಹೋರಾಡುವುದನ್ನು ಕಲಿಸುವ ಕೆಲಸ. ಆ ಸಿಪ್ಪೆಯ ಒಂದೊಂದು ಮಡಿಕೆಯೂ ಅವನಿಗೆ ಗೊತ್ತಿತ್ತು. ರೋಗ ಹಿಡಿದ ಮಗುವಿನ ಮುಖ ಗೊತ್ತಿರಲಿಲ್ಲ. ಅವನ ಉಪನ್ಯಾಸದಲ್ಲಿ ಕೆಂಪು ಕೆನ್ನೆಯ ಮಗುವಿನ ಚಿತ್ರವೊಂದಿತ್ತು. ಎಲ್ಲರಿಗೂ ತಿಳಿದದ್ದೇ ಎಂದು ಪ್ರತಿ ಸಲ ಅದನ್ನು ಹಾರಿಸಿ ಮುಂದೆ ಹೋಗುತ್ತಿದ್ದ. ಮನೆಯವರಲ್ಲಿ ನಿದ್ದೆ ಮಾಡದೆ ಆ ಉಪನ್ಯಾಸ ಕೇಳಿದವರು ಮಾವ ಒಬ್ಬರೇ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು," ಎನ್ನುತ್ತ ಮುಖ್ಯಸ್ಥೆ ಗೊಂಬೆ ಅತ್ತೆಯತ್ತ ತಿರುಗಿದರು. "ಕ್ಷಮಿಸಿಮ್ಮ. ನಿಮ್ಮ ಕೆಲಸ ಎಲ್ಲೂ ಹೋಗಲ್ಲ."

ಎಲ್ಲರೂ ಏಳತೊಡಗಿದರು. ಮಾವ ಏಳಲಿಲ್ಲ, ಅಳಿಯನನ್ನೇ ನೋಡುತ್ತ ಕುಳಿತರು. ಬಾಗಿಲಲ್ಲಿ ಗೊಂಬೆ ಅತ್ತೆ ಆಡಿದ ಮಾತು ಆಗ ಅವನಿಗೆ ನೆನಪಾಯಿತು. ಆಕೆಯ ಬಳಿಗೆ ಹೋದ.

"ನಿಮ್ಮ ಮಗಳಿಗೆ ಎಷ್ಟು ತಿಂಗಳು?" ಎಂದು ಕೇಳಿದ. ಆಕೆಗೆ ಅವನು 'ನೀವು' ಎಂದದ್ದು ಅದೇ ಮೊದಲು.

"ಐದು, ಸಾರ್."

"ಕೆನ್ನೆ ಕೆಂಪಾಗೋ ಹೊತ್ತಿಗೆ ಇದು ಅಂಟೋದು ಮುಗಿದಿರುತ್ತೆ. ಅಂಟೋದು ಅದಕ್ಕೂ ಮುಂಚೆ, ಜ್ವರದ ದಿನಗಳಲ್ಲಿ. ಆಗಲೇ ನಾವು ಇವಳನ್ನ ನಿಮ್ಮ ಕೈಗೆ ಕೊಟ್ಟಿದ್ದು. ನಿಮ್ಮಿಂದ ನಿಮ್ಮ ಮಗಳಿಗೆ ಹೋಗಿರಬಹುದು." ಅವನು ತಲೆ ತಗ್ಗಿಸಿದ. "ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಕೆಲವು ಸಲ ಹೊಟ್ಟೇಲಿರೋ ಮಗೂಗೆ ರಕ್ತ ತೀರಾ ಕಮ್ಮಿಯಾಗುತ್ತೆ. ಈಗಲೇ ರಕ್ತ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ಮಾಡಿಸ್ತಾ ಇರಬೇಕು."

ಗೊಂಬೆ ಅತ್ತೆ ಮಗುವಿನ ಕೆನ್ನೆಯತ್ತ ನೋಡಿದಳು. ಆಮೇಲೆ ಕೇಳಿದಳು, "ಇದಕ್ಕೇ ಅಲ್ವಾ ಸಾರ್ ನೀವು ಲಸಿಕೆ ಮಾಡ್ತಿರೋದು? ಅವಳಿಗೊಂದು ಹಾಕಿಬಿಡಿ."

"ಇನ್ನೂ ಆಗಿಲ್ಲ ಅಮ್ಮ. ಆಗಿದ್ರೂ ಈಗ ತಡ." ಅವನು ಜೇಬಿನಿಂದ ಕೀಲಿಕೈ ತೆಗೆದ. "ಕಾರು ತರ್ತೀನಿ. ಮಗಳನ್ನ ಕರ್ಕೊಂಡು ಆಸ್ಪತ್ರೆಗೆ ಹೋಗೋಣ."

"ತನ್ನಿ," ಎಂದಳು ಆಕೆ. "ಅಷ್ಟರಲ್ಲಿ ಇವಳ ತಲೆ ಒರೆಸ್ತೀನಿ. ಒದ್ದೆ ಕೂದಲು, ಮತ್ತೆ ನೆಗಡಿಯಾದೀತು."

ಮಗು ತಾನಾಗಿಯೇ ಹೋಗಿ ಆಕೆಯ ತೊಡೆಗೆ ಒರಗಿತು. ಟವೆಲು ಹಿಡಿಯಲು ಆಕೆಯ ಬೆರಳುಗಳು ಮಡಚುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ಅದನ್ನು ಒತ್ತಿಕೊಂಡು, ಆ ಕೆಂಪು ಕೆನ್ನೆಗೆ ತಾಗದಂತೆ, ಮೆಲ್ಲಗೆ ಒರೆಸತೊಡಗಿದಳು.